ಸೀಸದ ಅಕ್ಷರ

ಹೊರಗೆ ಬೋರಾ.
ತ್ರಿಯೆಸ್ತೆಯ ಮೇಲಿನ ಈ ಸುಣ್ಣಕಲ್ಲ ದಿಣ್ಣೆಯಲ್ಲಿ
ಗಾಳಿಗೂ ಹೆಸರಿಟ್ಟು ಬೈಯುತ್ತೇವೆ.
ಸಂಜೆ ಯಾರದೋ ಸೈಕಲ್ಲನ್ನು ಬೇಲಿಗೆ ಒಗೆದು ಹೋಯಿತು.

ಒಳಗೆ ರಾತ್ರಿ ಎರಡೂವರೆ.
ನೈಲಾನ್ ಕುಣಿಕೆಯ ತುದಿಗೆ ರವೆಗಿಂತ ಸಣ್ಣ ಹರಳು
ಸಾರಜನಕದ ಹಬೆಯಲ್ಲಿ ಸೆಟೆದುಕೊಂಡು
ಒಂದೊಂದೇ ಡಿಗ್ರಿ ತಿರುಗುತ್ತಿದೆ.
ಅದರೊಳಗೆ ಹನ್ನೆರಡು ಮೆಟ್ಟಿಲ ನೂಲೇಣಿ,
ಯಾವ ಬಸಿರಲ್ಲೂ ಬೆಳೆದದ್ದಲ್ಲ,
ಸಕ್ಕರೆಯ ಕೈ ಮಗುಚಿ ಮನುಷ್ಯರು ಹೊಸೆದದ್ದು.
ಹಾಗಂತ ಲೇಬಲ್ಲು: ಎಡಮುರಿ.
ನನ್ನೊಳಗಿನದು ಬಲಮುರಿ,
ತಿಮಿಂಗಿಲದ್ದೂ, ಬೆಳಿಗ್ಗೆ ಬ್ರೆಡ್ಡಿನ ಮೇಲೆ ಕಂಡ ಬೂಷ್ಟಿನದೂ.
ಇದನ್ನು ಕಚ್ಚಲು ಯಾವ ಕಿಣ್ವಕ್ಕೂ ಹಲ್ಲಿಲ್ಲ:
ಎಡಗಾಲ ಬೂಟಿಗೆ ಬಲಗಾಲು ತುರುಕಿದ ಹಾಗೆ.

ಲೇಬಲ್ಲನ್ನು ನಂಬಿ ಮಲಗಬಹುದಿತ್ತು.

'ಕಿರಣಕ್ಕೆ ಎಡಬಲ ತಿಳಿಯದು ನೆವೆಂಕಾ'
ಅನ್ನುತ್ತಾನೆ ತುಲ್ಲಿಯೊ, ತಣ್ಣಗಾದ ಕಾಫಿ ಕಲಕುತ್ತ.
ಈ ಮೂಲೆಯ ಚುಕ್ಕಿ ನಾಲ್ಕು ಸಾವಿರದ ನೂರ ಎಂಬತ್ತೆರಡು;
ನಡುವಿನಾಚೆ ಅದರ ಎದುರುಚುಕ್ಕಿ,
ಅದೂ ನಾಲ್ಕು ಸಾವಿರದ ನೂರ ಎಂಬತ್ತೆರಡು.
ಕೇಳಿದ್ದಕ್ಕೆಲ್ಲ ಒಂದೇ ಉತ್ತರ,
ಮೊದಲೇ ಮಾತಾಡಿಕೊಂಡು ಬಂದ ಅವಳಿಗಳು.

ಆಗ ಅಜ್ಜ ನೆನಪಾದ.

ಯೋಷ್ಕೊ, ಮೊನ್‌ಫಾಲ್ಕೊನೆಯ ಹಡಗುಕಟ್ಟೆಯಲ್ಲಿ
ರಿವೆಟ್ಟು ಬಡಿಯುತ್ತಿದ್ದವನು.
ಕೆಮ್ಮಿಗೆಂದು ಎದೆಯ ಫಿಲ್ಮು ತೆಗೆದರು.
ಡಾಕ್ಟರ್ ಬೆಳಕಿಗೆ ಹಿಡಿದ: ಹೃದಯ ಸಲ್ಲದ ಕಡೆ.
ಫಿಲ್ಮು ತಿರುಗಿಸಿದ: ಹೃದಯ ತನ್ನ ಮನೆಗೆ ಬಂತು.
ಸಹಿ ಹಾಕಿದ. ಎರಡೂ ಕಡೆ ಅದೇ ಪಕ್ಕೆಲುಬು,
ಅದೇ ಹೊಗೆಬಣ್ಣದ ಶ್ವಾಸಕೋಶ.
ಅಜ್ಜ ಸ್ಲೊವೇನಿಯನ್‌ನಲ್ಲಿ 'ದೆಸ್ನೊ, ದೆಸ್ನೊ' ಅಂದ.
ಆ ಭಾಷೆ ಡಾಕ್ಟರನ ಕಿವಿಯೊಳಕ್ಕೆ ಇಳಿಯುವುದಿಲ್ಲ.

ನೋಡಿದ್ದು ಸಿಸ್ಟರ್ ಓರ್ಸೊಲಾ.
ಫಿಲ್ಮಿನ ಅಂಚಿಗೆ ಸೀಸದ 'ಡಿ' ಅಂಟಿಸಿದವಳು ಅವಳೇ;
ಡಿ ಅಂದರೆ ದೆಸ್ತ್ರಾ, ಬಲ.
ಈಗ ಆ ಅಕ್ಷರದ ಹೊಟ್ಟೆ ಹಿಂದುಮುಂದಾಗಿತ್ತು.
ಮಾತಿಲ್ಲದೆ ಬಂದು
ಅಜ್ಜನ ಬಲಗಡೆ ಪಕ್ಕೆಗೆ ಕಿವಿಯಿಟ್ಟಳು.
ಹಡಗುಕಟ್ಟೆಯ ಸುತ್ತಿಗೆ, ಸರಿಯಾಗಿ ಅಲ್ಲೇ.

ನಮ್ಮ ಹರಳಿಗೂ ಸೀಸ ಬೇಕು.
ಏಣಿಯ ಎರಡು ಮೆಟ್ಟಿಲಿಗೆ ಬ್ರೋಮಿನ್ ಕೂರಿಸಿದ್ದೇವೆ,
ಭಾರದ ಪರಮಾಣು, ಮುಂಗೋಪಿ.
ಕಿರಣವನ್ನು ಅದರ ಕೋಪದ ಅಂಚಿಗೆ ಶ್ರುತಿ ಮಾಡಿದರೆ
ಚೂರು ನುಂಗಿ, ಚೂರು ತಡೆದು, ತಡವಾಗಿ ಉಗುಳುತ್ತದೆ.
ಅವಳಿಗಳ ಮಾತು ತಪ್ಪಿತು:
ಇಲ್ಲಿ ನಾಲ್ಕು ಸಾವಿರದ ಇನ್ನೂರ ಹದಿನೇಳು,
ಅಲ್ಲಿ ನಾಲ್ಕು ಸಾವಿರದ ನೂರ ಮೂವತ್ತೊಂದು.
ಅಷ್ಟೇ ವ್ಯತ್ಯಾಸ. ಸಾವಿರಾರು ಸಲ ಅಷ್ಟಷ್ಟೇ.

ಇದಕ್ಕೊಂದು ಅಳತೆಯಿದೆ:
ಸೊನ್ನೆ ಬಂದರೆ ನೀನು ಕಟ್ಟಿದ್ದು ಸರಿ,
ಒಂದು ಬಂದರೆ ಮಗುಚಿ ಕಟ್ಟು.
ನಾಲ್ಕೂ ಹತ್ತಕ್ಕೆ ಬಂತು, ಒಂದಕ್ಕೆ ಎರಡು ನೂರಂಶ ಕಡಿಮೆ.
ತುಲ್ಲಿಯೊ ನಕ್ಕ.
ಲೇಬಲ್ಲು ನಿಜವನ್ನೇ ಹೇಳಿತ್ತು; ತಪ್ಪಿದ್ದು ನಾನು.
ಎಡಮುರಿ ಎಂದು ಓದಿ ಓದಿಯೂ
ಪರದೆಯ ಮೇಲೆ ಬಲಮುರಿ ಹೆಣೆದಿದ್ದೆ,
ಅಭ್ಯಾಸಬಲ.
ಆ ಮಾತಿನ ಬಾಲದಲ್ಲೇ ಬಲ ಕೂತಿದೆ ನೋಡಿ,
ಎಡವಿದರೆ ಮಾತ್ರ ಎಡ.

ಎಲ್ಲ ಅಂಕಿಗೂ ಋಣಚಿಹ್ನೆ ಹಾಕಿದೆ.
ಏಣಿ ತನ್ನೊಳಗೇ ಹಾದು
ಆಚೆ ಬದಿಗೆ ಎದ್ದು ನಿಂತಿತು.

ಅಜ್ಜನ ಫಿಲ್ಮು ಈಗ ಚಿಕ್ಕಮ್ಮನ ಅಡುಗೆಮನೆಯ
ಕಿಟಕಿಯಲ್ಲಿದೆ, ಒಡೆದ ಗಾಜಿಗೆ ತೇಪೆಯಾಗಿ.
ಸಾರು ಕಲಕುವವಳಿಗೆ ಹೃದಯ ಒಂದು ಕಡೆ,
ಬೀದಿಯ ಅಂಚೆಯವನಿಗೆ ಇನ್ನೊಂದು.
ಅಕ್ಷರವಿದ್ದ ಮೂಲೆಯನ್ನು
ಚೌಕಟ್ಟಿಗೆ ಹೊಂದಲೆಂದು ಅವಳು ಕತ್ತರಿಸಿದ್ದಾಳೆ.
ಕೇಳಿದರೆ,
'ನನಗೆ ಗೊತ್ತಲ್ಲ, ಮಲಗಿದವಳಲ್ಲವೇ ಆ ಎದೆಯ ಮೇಲೆ,'
ಅನ್ನುತ್ತಾಳೆ, ಉಪ್ಪು ನೋಡುತ್ತ.